ಫೋನ್ 12,550 ಅಂದಿತು, ವಿಮಾನ 12,000 ಅಂದಿತು: ಯಾರ ಲೆಕ್ಕ ಸರಿ?

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ನಿವೃತ್ತ ಗಣಿತ ಮೇಷ್ಟ್ರು. ಕಳೆದ ಜುಲೈನಲ್ಲಿ ಹೈದರಾಬಾದಿನ ಮಗಳ ಮನೆಯಿಂದ ಶಿವಮೊಗ್ಗಕ್ಕೆ ಜೆಟ್ ವಿಮಾನದಲ್ಲಿ ಬಂದೆ. ಕಿಟಕಿ ಪಕ್ಕದ ಸೀಟು. ಮೊಬೈಲ್‌ನಲ್ಲಿ ಎತ್ತರ ತೋರಿಸುವ ಆಪ್ ಹಾಕಿಕೊಂಡು, ಗಡಿಯಾರ ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತಾ ಬಂದೆ. 32,000 ಅಡಿಯಿಂದ ಇಳಿಯುತ್ತಿದ್ದ ವಿಮಾನ ಒಂದು ಕಡೆ ಇಳಿಯುವುದನ್ನು ನಿಲ್ಲಿಸಿತು. ಎಂಜಿನ್ ಸದ್ದು ಜೋರಾಯಿತು. ಐದಾರು ನಿಮಿಷ ಹಾಗೇ ಹೋಯಿತು. ಆಮೇಲೆ ಸದ್ದು ಒಮ್ಮೆಲೇ ಅಡಗಿತು, ಹೊಟ್ಟೆಯಲ್ಲಿ ಧಸಕ್ ಅಂದಿತು. ಆ ಐದಾರು ನಿಮಿಷ ನನ್ನ ಆಪ್ 12,550 ಅಡಿ ತೋರಿಸುತ್ತಿತ್ತು, 60 ಅಡಿಯಷ್ಟು ಮೇಲೆ ಕೆಳಗೆ ಆಡುತ್ತಿತ್ತು. ಮನೆಯಲ್ಲಿ ಕೂತು ವಿಮಾನದ ಜಾಡು ತೋರಿಸುವ ವೆಬ್‌ಸೈಟ್ ನೋಡುತ್ತಿದ್ದ ಮೊಮ್ಮಗ ಅದೇ ಹೊತ್ತಿಗೆ 12,000 ಅಂತ ಬರೆದಿಟ್ಟಿದ್ದಾನೆ. 550 ಅಡಿ ವ್ಯತ್ಯಾಸ! ಪೈಲಟ್ ಎತ್ತರ ತಪ್ಪಿದರಾ? ಮಂಗಳೂರಿನ ಅಪಘಾತದಲ್ಲಿ ಕ್ಯಾಪ್ಟನ್ ನಿದ್ದೆ ಹೋಗಿದ್ದರು ಅಂತ ಓದಿದ್ದೆ. ಪಕ್ಕದ ಮನೆಯವರು 'ಈಗೆಲ್ಲಾ ಆಟೋಪೈಲಟ್, ಅವರಿಗೇನು ಕೆಲಸ' ಅಂತಾರೆ. ದೀಪಾವಳಿಗೆ ಮಗಳು ಆರು ತಿಂಗಳ ಕೂಸಿನ ಜೊತೆ ಇದೇ ವಿಮಾನದಲ್ಲಿ ಬರಬೇಕು. ಬಾ ಅನ್ನಲಾ, ಬೇಡ ಅನ್ನಲಾ? ದೂರು ಕೊಡಬೇಕಾ?

ಉತ್ತರ:

ಮೇಷ್ಟ್ರೇ, ನಿಮ್ಮ ಡೈರಿಯ ಪುಟ ನೋಡಿ ಖುಷಿಯಾಯಿತು. ಇಪ್ಪತ್ತೆಂಟು ವರ್ಷ ವಿಮಾನ ಹಾರಿಸಿ, ಆಮೇಲೆ ಸಿಮ್ಯುಲೇಟರ್‌ನಲ್ಲಿ ಹುಡುಗರಿಗೆ ಪಾಠ ಹೇಳಿ, ಈಗ ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಕೂತಿದ್ದೇನೆ. ನಿಮಿಷ ನಿಮಿಷಕ್ಕೆ ಅಂಕಿ ಬರೆದು ಪ್ರಶ್ನೆ ಕಳಿಸಿದವರು ನೀವೇ ಮೊದಲು. ಸಾಮಾನ್ಯವಾಗಿ ಬರುವ ಪತ್ರ 'ವಿಮಾನ ಸಾವಿರ ಅಡಿ ಬಿತ್ತು ಸಾರ್' ಅಂತಲೇ ಇರುತ್ತೆ.

ಮೊದಲು ಆ 550 ಅಡಿ. ಅಲ್ಲಿ ಯಾರ ತಪ್ಪೂ ಇಲ್ಲ. ನಿಮ್ಮ ಫೋನೂ ಸರಿ, ಮೊಮ್ಮಗನೂ ಸರಿ. ಇಬ್ಬರೂ ಅಳೆದಿದ್ದು ಬೇರೆ ಬೇರೆ ವಸ್ತು.

ವಿಮಾನದ ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತೆ, ಅದನ್ನೇ ಅಡಿಗೆ ತಿರುಗಿಸಿ ತೋರಿಸುತ್ತೆ. ತಿರುಗಿಸುವಾಗ ಒಂದು ಪುಸ್ತಕದ ಲೆಕ್ಕ ಹಿಡಿಯುತ್ತೆ: ಸಮುದ್ರಮಟ್ಟದಲ್ಲಿ 15 ಡಿಗ್ರಿ, ಒತ್ತಡ 1013.25 ಹೆಕ್ಟೊಪಾಸ್ಕಲ್, ಸಾವಿರ ಅಡಿ ಮೇಲೇರಿದರೆ ಹತ್ತಿರ ಹತ್ತಿರ 2 ಡಿಗ್ರಿ ತಂಪು. ಆ ಪ್ರಕಾರ 12,000 ಅಡಿಯಲ್ಲಿ ಮೈನಸ್ 9 ಡಿಗ್ರಿ ಇರಬೇಕು. ನಮ್ಮ ಜುಲೈ ಆಕಾಶ ಅಷ್ಟು ತಣ್ಣಗೆ ಎಲ್ಲಿರುತ್ತೆ? ಪುಸ್ತಕಕ್ಕಿಂತ 15 ಡಿಗ್ರಿ ಬೆಚ್ಚಗಿರುತ್ತೆ. ಬೆಚ್ಚಗಿನ ಗಾಳಿ ಹಿಗ್ಗುತ್ತೆ. 10 ಡಿಗ್ರಿಗೆ ಶೇಕಡಾ 4ರಷ್ಟು ಅಂತ ನಮ್ಮ ಕೈಲೆಕ್ಕ. 15 ಡಿಗ್ರಿಗೆ ಶೇಕಡಾ 6. ಅಂದರೆ 12,000 ಅಡಿಗೆ 720 ಅಡಿ. ಆಲ್ಟಿಮೀಟರ್ 12,000 ಅಂದಾಗ ವಿಮಾನ ನಿಜವಾಗಿ ಅಷ್ಟು ಮೇಲಿರುತ್ತೆ. ಇನ್ನು ಮಳೆಗಾಲದಲ್ಲಿ ನಮ್ಮ ಕಡೆ ಒತ್ತಡ 1013ಕ್ಕಿಂತ ಕಡಿಮೆ. 1008 ಅಂತ ಇಟ್ಟುಕೊಳ್ಳಿ. ಒಂದು ಹೆಕ್ಟೊಪಾಸ್ಕಲ್‌ಗೆ 28 ಅಡಿಯಂತೆ 140 ಅಡಿ ಕಳೆಯಿರಿ. ಉಳಿದಿದ್ದು 580. ಮಳೆಗಾಲದ ಸಾಮಾನ್ಯ ಅಂಕಿ ಹಾಕಿದರೂ ನಿಮ್ಮ 550ರ ಪಕ್ಕಕ್ಕೇ ಬಂತು ನೋಡಿ.

ಫೋನಿನ ಜಿಪಿಎಸ್‌ಗೆ ಗಾಳಿಯ ಗೊಡವೆ ಇಲ್ಲ. ಉಪಗ್ರಹದಿಂದ ನೇರ ದೂರ ಅಳೆಯುತ್ತೆ. ಆದರೆ ಅದಕ್ಕೂ ಒಂದು ಐಬಿದೆ. ಜಿಪಿಎಸ್ ಭೂಮಿಯನ್ನು ನುಣುಪಾದ ಮೊಟ್ಟೆ ಅಂತ ಭಾವಿಸಿ ಲೆಕ್ಕ ಹಾಕುತ್ತೆ. ನಿಜವಾದ ಸಮುದ್ರಮಟ್ಟ ಆ ಮೊಟ್ಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ದಕ್ಷಿಣ ಭಾರತದ ಕಡೆ ಅದು 80-90 ಮೀಟರ್ ತಗ್ಗಿನಲ್ಲಿದೆ. ಕೆಲವು ಆಪ್ ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಇಲ್ಲ. ಸರಿಪಡಿಸದ ಆಪ್ ಇಟ್ಟುಕೊಂಡು ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಊರು 280 ಅಡಿ ಕುಸಿದಿದೆ ಅಂತ ತೋರಿಸುತ್ತೆ. ನಿಮ್ಮದು ಸರಿಪಡಿಸುವ ಆಪ್ ಇರಬೇಕು. ಆ 60 ಅಡಿ ಮೇಲೆ ಕೆಳಗೆ ಆಡಿದ್ದು ವಿಮಾನ ಅಲ್ಲ, ಆಪ್. ಕಿಟಕಿಯಿಂದ ಒಂದೇ ಕಡೆಯ ಉಪಗ್ರಹ ಕಂಡರೆ ಎತ್ತರದ ಲೆಕ್ಕ ಹಾಗೆ ತೂಗಾಡುತ್ತೆ.

ಮೊಮ್ಮಗ ನೋಡಿದ ವೆಬ್‌ಸೈಟ್ ವಿಮಾನವೇ ಬಿತ್ತರಿಸುವ ಅಂಕಿ ಹಿಡಿಯುತ್ತೆ. ಅದು 1013.25ರ ಲೆಕ್ಕದ್ದು. ಅದು 12,000 ಅಂತ ಅಲುಗಾಡದೆ ನಿಂತಿತ್ತು ಅಂದರೆ ವಿಮಾನ ತನಗೆ ಹೇಳಿದ ಎತ್ತರದಲ್ಲೇ ಇತ್ತು.

'ಹಾಗಾದರೆ ವಿಮಾನಗಳೆಲ್ಲ ತಪ್ಪು ಎತ್ತರದಲ್ಲಿ ಹಾರುತ್ತವಾ?' ಅಂತ ಕೇಳುತ್ತೀರಿ. ಹೌದು, ಎಲ್ಲವೂ ಒಂದೇ ತಪ್ಪಿನಲ್ಲಿ. ಊರಿನ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದಿದ್ದರೂ ಸ್ಕೂಲಿಗೆ ಯಾರೂ ತಡವಾಗಿ ಬರುವುದಿಲ್ಲ ಅಲ್ವಾ? ಮೇಲೆ ಎಲ್ಲರೂ 1013.25 ಇಟ್ಟುಕೊಂಡಿದ್ದರೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಇರಬೇಕಾದ 1,000 ಅಡಿ ಇದ್ದೇ ಇರುತ್ತೆ. ತೊಂದರೆ ಬರುವುದು ಒಬ್ಬನ ಗಡಿಯಾರ ಮಾತ್ರ ಬೇರೆ ಆದಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಹೊಟ್ಟೆ ಧಸಕ್ ಅಂದಿದ್ದರ ಬಗ್ಗೆ ಒಂದೆರಡು ಮಾತು. ನಮ್ಮ ಒಳಗಿವಿಗೆ ವೇಗ ಗೊತ್ತಾಗುವುದಿಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತೆ. ಜೋಕಾಲಿ ತುದಿ ಮುಟ್ಟಿ ವಾಪಸ್ ತಿರುಗುವಾಗ ಹೊಟ್ಟೆ ಹಗುರ ಆಗುತ್ತಲ್ಲ, ಅದೇ ಇದು. ಮಟ್ಟಸವಾಗಿ ಹಾರುತ್ತಿದ್ದ ವಿಮಾನ ಮೂಗು ಸ್ವಲ್ಪ ತಗ್ಗಿಸಿತು, ಎಂಜಿನ್ ಸದ್ದು ಇಳಿಯಿತು, ಅಷ್ಟೇ. ಜೆಟ್ ಇಳಿಯುವಾಗ ಎಂಜಿನ್ ಬಹುಪಾಲು ಕನಿಷ್ಠ ಬಲದಲ್ಲಿ, ಅಂದರೆ ಐಡಲ್‌ನಲ್ಲೇ ಇರುತ್ತೆ. ನಡುವೆ ಒಂದು ಎತ್ತರದಲ್ಲಿ ನಿಲ್ಲಬೇಕಾದರೆ ಮತ್ತೆ ಬಲ ಬೇಕು, ಸದ್ದು ಜೋರಾಗುತ್ತೆ. ನಿಲ್ಲಿಸುವುದು ಎಟಿಸಿ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕಚೇರಿ. ಕೆಳಗೆ ಇನ್ನೊಂದು ವಿಮಾನ ದಾಟುತ್ತಿರಬಹುದು, ಸೋಗಾನೆಯ ನಮ್ಮ ವಿಮಾನ ನಿಲ್ದಾಣದಲ್ಲಿ ಮಳೆ ಒಂದು ಕೈ ಜಾಸ್ತಿ ಇರಬಹುದು. ಇನ್ನು 'ಏರ್ ಪಾಕೆಟ್' ಅನ್ನೋದು ಸುಮ್ನೆ ಹುಟ್ಟಿದ ಮಾತು. ಆಕಾಶದಲ್ಲಿ ಗಾಳಿಯಿಲ್ಲದ ಗುಂಡಿ ಯಾವುದೂ ಇಲ್ಲ. ಮೇಲೆ ಕೆಳಗೆ ಹರಿಯುವ ಗಾಳಿ ಇದೆ. ಮುಂಗಾರಿನಲ್ಲಿ ಪಡುವಣ ಗಾಳಿ ಘಟ್ಟ ಹತ್ತಿ ಈಚೆ ಕಡೆ ಇಳಿಯುತ್ತೆ, ಅದು ಜೋರಾಗಿರುವುದು ಐದು ಸಾವಿರ ಅಡಿ ಆಸುಪಾಸು. ಶಿವಮೊಗ್ಗ ಇರುವುದೇ ಆ ಈಚೆ ಮಗ್ಗುಲಲ್ಲಿ. ಜುಲೈನಲ್ಲಿ ಕುಲುಕದಿದ್ದರೆ ಆಶ್ಚರ್ಯ. ಆ ಕುಲುಕಾಟದಲ್ಲಿ ಕಾಫಿ ಚೆಲ್ಲುತ್ತೆ, ಎತ್ತರ ಬದಲಾಗುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ಅಡಿ.

ನಿಜವಾಗಿ ಎತ್ತರ ತಪ್ಪಿದಾಗ ನಿಮಗೆ ಏನೂ ಗೊತ್ತಾಗುವುದಿಲ್ಲ, ಮೇಷ್ಟ್ರೇ. ಹೊಟ್ಟೆ ಧಸಕ್ ಅನ್ನುವುದಿಲ್ಲ, ಸದ್ದು ಬದಲಾಗುವುದಿಲ್ಲ. ವಿಮಾನ ನುಣ್ಣಗೆ, ಸೊಗಸಾಗಿ, ತಪ್ಪು ಜಾಗಕ್ಕೆ ಇಳಿಯುತ್ತೆ. ನಾವು ಹೆದರುವುದು ಆ ನುಣುಪಿಗೆ.

ಎಷ್ಟು ತಪ್ಪಿದರೆ ತಪ್ಪು? ರೇಡಾರ್ ಮುಂದೆ ಕೂತ ಕಂಟ್ರೋಲರ್‌ಗೆ 300 ಅಡಿವರೆಗೆ ವಿಮಾನ ಹೇಳಿದ ಎತ್ತರದಲ್ಲೇ ಇದೆ ಅಂತ ಲೆಕ್ಕ. ತುಂಬ ಮೇಲೆ, 29,000 ಅಡಿ ದಾಟಿದರೆ, 200 ಅಡಿ. ಅದನ್ನು ಮೀರಿದರೆ ಎತ್ತರ ತಪ್ಪಿದಂತೆ.

ಯಾಕೆ ತಪ್ಪುತ್ತೆ? ಯಂತ್ರ ಕೆಟ್ಟು ತಪ್ಪುವುದು ಕಡಿಮೆ. ಆಟೋಪೈಲಟ್ ಹೇಳಿದ ಎತ್ತರವನ್ನು ಮನುಷ್ಯನಿಗಿಂತ ಚೆನ್ನಾಗಿ ಹಿಡಿಯುತ್ತೆ. ಆದರೆ ಅದಕ್ಕೆ ಎತ್ತರ ಹೇಳುವವರು ಮನುಷ್ಯರು. ಎತ್ತರದ ಗುಂಡಿಯನ್ನು 11 ಸಾವಿರದ ಬದಲು 10 ಸಾವಿರಕ್ಕೆ ತಿರುಗಿಸಿದರೆ ಅಷ್ಟೇ ನಿಷ್ಠೆಯಿಂದ 10 ಸಾವಿರಕ್ಕೆ ಇಳಿಸುತ್ತೆ. ಅದು 'ಸಾರ್, ಇದು ಸರೀನಾ?' ಅಂತ ಕೇಳುವ ಪೈಕಿ ಅಲ್ಲ.

ಈ ಹತ್ತು ಹನ್ನೊಂದರ ಗೋಜಲು ತೀರಾ ಹಳೆಯದು. ರೇಡಿಯೋದಲ್ಲಿ 'ಒನ್ ಜೀರೋ ಥೌಸಂಡ್', 'ಒನ್ ಒನ್ ಥೌಸಂಡ್' ಅಂತ ಹೇಳುತ್ತಾರೆ. ಗರಗರ ಸದ್ದಿನಲ್ಲಿ ಎರಡೂ ಒಂದೇ ಥರ. ಅದರ ಮೇಲೆ, ಕಿವಿ ಕೇಳಿದ್ದಕ್ಕಿಂತ ಮನಸ್ಸು ಕಾಯುತ್ತಿದ್ದದ್ದನ್ನೇ ಕೇಳಿಸಿಕೊಳ್ಳುತ್ತೆ. ದಿನಾ ಅದೇ ದಾರಿಯಲ್ಲಿ 10 ಸಾವಿರಕ್ಕೆ ಇಳಿಸುತ್ತಿದ್ದರೆ ಇವತ್ತೂ ಹತ್ತೇ ಕೇಳಿಸುತ್ತೆ.

ನನ್ನದೇ ಒಂದು ಹೇಳುತ್ತೇನೆ. ಆಗ ನಾನು ಕೋ-ಪೈಲಟ್, ರೇಡಿಯೋ ನನ್ನ ಕೈಲಿತ್ತು. ರಾತ್ರಿ, ಮಳೆ. ಕ್ಯಾಪ್ಟನ್ ಇಂಟರ್‌ಫೋನಿನಲ್ಲಿ ಕ್ಯಾಬಿನ್ ಹುಡುಗಿಯ ಜೊತೆ ಹುಷಾರಿಲ್ಲದ ಒಬ್ಬ ಪ್ರಯಾಣಿಕರ ವಿಷಯ ಮಾತಾಡುತ್ತಿದ್ದರು. ಕಂಟ್ರೋಲರ್ ಹನ್ನೊಂದು ಸಾವಿರ ಅಂದ. ನನ್ನ ಬಾಯಿ 'ಒನ್ ಒನ್ ಥೌಸಂಡ್' ಅಂತಲೇ ಮರುಹೇಳಿತು. ನನ್ನ ಕೈ 10,000 ತಿರುಗಿಸಿತು. ಬಾಯಿ ಒಂದು, ಕೈ ಒಂದು. ಕ್ಯಾಪ್ಟನ್ ಫೋನ್ ಇಟ್ಟು, ಪ್ಯಾನೆಲ್ ಕಡೆ ನೋಡಿ, 'ಎಷ್ಟು ಕೊಟ್ಟ?' ಅಂದರು. 'ಹತ್ತು ಸರ್' ಅಂದೆ. ಕಿಂಚಿತ್ತೂ ಅನುಮಾನ ಇರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಬೈಯಲಿಲ್ಲ. 'ಒಂದ್ಸಲ ಕೇಳಿಬಿಡಿ' ಅಂದರು. ಕೇಳಿದೆ. ಹನ್ನೊಂದು. ಆಗ ನಾವು 11,400ರಲ್ಲಿ ಇಳಿಯುತ್ತಿದ್ದೆವು. ಅವರು ಕೈ ಚಾಚಿ ಗುಂಡಿ ಹನ್ನೊಂದಕ್ಕೆ ತಿರುಗಿಸಿದರು, ವಿಮಾನ ನಿಂತಿತು. ಸ್ವಲ್ಪ ಹೊತ್ತಿಗೆ ಮೋಡದ ಸಂದಿಯಲ್ಲಿ ನಮ್ಮ ಕೆಳಗೆ ಒಂದು ಕೆಂಪು ದೀಪ ಮಿಣುಕುತ್ತಾ ದಾಟಿ ಹೋಯಿತು. ಹಿಂದೆ ಕೂತಿದ್ದ ನೂರಾರು ಜನರಿಗೆ ಅವತ್ತು ಏನೂ ಆಗಲಿಲ್ಲ, ಏನೂ ಗೊತ್ತಾಗಲೂ ಇಲ್ಲ.

ಅದಕ್ಕೇ ನಿಮ್ಮ ಪಕ್ಕದ ಮನೆಯವರ ಮಾತು ಅರ್ಧ ನಿಜ. ಕೈಗೆ ಕೆಲಸ ಕಡಿಮೆಯಾಗಿದೆ, ಕಣ್ಣಿಗೆ ಜಾಸ್ತಿಯಾಗಿದೆ. ಕಾಕ್‌ಪಿಟ್‌ನಲ್ಲಿ ಒಬ್ಬರು ಹಾರಿಸುವವರು, ಇನ್ನೊಬ್ಬರು ಕಾಯುವವರು. ಕ್ಯಾಪ್ಟನ್ ಯಾವಾಗಲೂ ಹಾರಿಸುವವರೇ ಆಗಬೇಕೆಂದಿಲ್ಲ, ಸರದಿ ಬದಲಾಗುತ್ತೆ. ಕೋ-ಪೈಲಟ್ ಅಂದರೆ ಲಾರಿ ಕ್ಲೀನರ್ ಅಂತ ನಮ್ಮ ಕಡೆ ತಮಾಷೆ ಮಾಡುತ್ತಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಹಿಂದೆ ಲಾರಿಗೆ ಕ್ಲೀನರ್ ಎಷ್ಟು ಬೇಕಿತ್ತು ಅಂತ ಕಂಡವರಿಗೇ ಗೊತ್ತು. ಎಡಗಡೆ ಬಾಗಿಲಿಗೆ ಜೋತುಬಿದ್ದು ನೋಡಿ, ಬಾಡಿಗೆ ಎರಡು ಬಡಿದರೆ ಡ್ರೈವರ್ ಎಷ್ಟೇ ದೊಡ್ಡ ಸೀನಿಯರ್ ಆಗಲಿ ಬ್ರೇಕ್ ಹಾಕಲೇಬೇಕು. ನಮ್ಮದೂ ಅದೇ ಪದ್ಧತಿ, ಬಡಿಯುವ ಬದಲು ಮಾತಿನಲ್ಲಿ ಹೇಳುತ್ತೇವೆ.

ಒಂದು ಎತ್ತರ ಬಂದಾಗ ಏನಾಗುತ್ತೆ ನೋಡಿ. ಎಟಿಸಿ ಹೇಳುತ್ತೆ. ಕಾಯುವವರು ಮರುಹೇಳುತ್ತಾರೆ. ಆಟೋಪೈಲಟ್ ಓಡುತ್ತಿದ್ದರೆ ಹಾರಿಸುವವರೇ ಗುಂಡಿ ತಿರುಗಿಸಿ, ಬೆರಳನ್ನು ಅಂಕಿಯ ಮೇಲೆ ಇಟ್ಟು ಜೋರಾಗಿ ಓದುತ್ತಾರೆ. ಇನ್ನೊಬ್ಬರೂ ಕಣ್ಣಿಂದ ನೋಡಿ ಓದುತ್ತಾರೆ. ಸುಮ್ಮನೆ 'ಹೂಂ' ಅನ್ನುವಂತಿಲ್ಲ. ಆಮೇಲೆ ಪರದೆಯಲ್ಲಿ ಆಟೋಪೈಲಟ್ ಯಾವ ಮೋಡ್‌ನಲ್ಲಿದೆ ಅಂತ ಓದಬೇಕು. ಕೊನೆಯ ಸಾವಿರ ಅಡಿ ಉಳಿದಾಗ 'ಥೌಸಂಡ್ ಟು ಗೋ' ಅಂತ ಒಬ್ಬರು ಕೂಗಬೇಕು, ಇಳಿಯುವ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕೆಳಗೆ ತರಬೇಕು. ಇಷ್ಟರ ನಡುವೆ ಇಳಿಯುವ ಲೆಕ್ಕ ಬೇರೆ: ಕಳೆಯಬೇಕಾದ ಪ್ರತಿ ಸಾವಿರ ಅಡಿಗೆ 3 ನಾಟಿಕಲ್ ಮೈಲಿ. ನೀವು 32,000ದಿಂದ ಶಿವಮೊಗ್ಗದ ಸುಮಾರು 2,000 ಅಡಿಗೆ ಬರಬೇಕಿತ್ತು. 30 ಮೂರಲೆ 90 ಮೈಲಿ, 165 ಕಿಲೋಮೀಟರ್ ಚಿಲ್ಲರೆ. ಹೈದರಾಬಾದಿನಿಂದ ನೇರ ಗೆರೆ ಎಳೆದರೆ ಸಂಡೂರಿನ ಆಸುಪಾಸಿನಲ್ಲೇ ಇಳಿಯಲು ಶುರು ಮಾಡಬೇಕು. 12,000ದಲ್ಲಿ ಐದಾರು ನಿಮಿಷ ನಿಲ್ಲಿಸಿದರೆ ಆ ಲೆಕ್ಕವೆಲ್ಲ ಮತ್ತೆ ಮೊದಲಿಂದ. ಇಳಿಯುವ ಹೊತ್ತು ಹೀಗಿರುತ್ತೆ. 10,000 ಅಡಿ ಕೆಳಗೆ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಬೇಡದ ಮಾತು ಆಡುವಂತಿಲ್ಲ ಅನ್ನೋ ನಿಯಮ ಬಂದಿರುವುದು ಅದಕ್ಕೇ. ಅಡಿಕೆ ರೇಟು ಕೂಡ ಮಾತಾಡೋ ಹಾಗಿಲ್ಲ!

ಈಗ ಆ ಗಡಿಯಾರದ ವಿಷಯ. ನಿಲ್ದಾಣ ಹತ್ತಿರ ಬಂದಾಗ 1013.25 ಬಿಟ್ಟು ಆ ಊರಿನ ಆ ಹೊತ್ತಿನ ಒತ್ತಡ ಹಾಕಬೇಕು. ಇದನ್ನು ಕ್ಯೂಎನ್‌ಎಚ್ ಅನ್ನುತ್ತಾರೆ. ಈ ಅಂಕಿಯನ್ನೂ ಬಾಯಲ್ಲೇ ಹೇಳುವುದು, ಕಿವಿಯಲ್ಲೇ ಕೇಳುವುದು. 2022ರ ಮೇ 23ರಂದು ಪ್ಯಾರಿಸ್‌ನಲ್ಲಿ ಕಂಟ್ರೋಲರ್ 1001 ಅನ್ನುವ ಬದಲು 1011 ಅಂದರು. ಮೋಡದಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ320 ಆ ಅಂಕಿಯನ್ನೇ ಹಾಕಿತು. 10 ಹೆಕ್ಟೊಪಾಸ್ಕಲ್ ಅಂದರೆ 280 ಅಡಿ, ವಿಮಾನ ತೋರಿಸಿದ್ದಕ್ಕಿಂತ ಅಷ್ಟು ಕೆಳಗೆ. ಪೈಲಟ್‌ಗಳ ಪರದೆಯಲ್ಲಿ ಎಲ್ಲವೂ ಸರಿಯಾಗಿತ್ತು. ರನ್‌ವೇಗೆ ಇನ್ನೂ ಮುಕ್ಕಾಲು ಮೈಲಿ ಇರುವಾಗ ವಿಮಾನ ನೆಲದಿಂದ 6 ಅಡಿ ಎತ್ತರದಲ್ಲಿತ್ತು. ಆರು ಸಾವಿರ ಅಲ್ಲ, ಆರು! ರನ್‌ವೇ ಕಾಣಲಿಲ್ಲ ಅಂತ ಅವರು ಮೇಲೇರಲು ಆಗಲೇ ಶುರು ಮಾಡಿದ್ದರು, ಉಳಿದುಕೊಂಡರು. ನಾನು ಪಾಠ ಹೇಳುವಾಗ ಇದನ್ನು ಬಿಡುವುದೇ ಇಲ್ಲ. ಇಬ್ಬರು ಪೈಲಟ್, ಒಬ್ಬ ಕಂಟ್ರೋಲರ್, ಮೂವರಿಗೂ ಒಂದೇ ತಪ್ಪು ಅಂಕಿ. ಎಲ್ಲರೂ ಒಪ್ಪಿಕೊಂಡ ತಪ್ಪನ್ನು ಹಿಡಿಯುವವರು ಯಾರು? ಹವಾಮಾನದ ವರದಿಯಲ್ಲಿ ಮೊದಲೇ ಬಂದ ಅಂಕಿಯನ್ನು ಹೊಸದರ ಜೊತೆ ಹೋಲಿಸಿ 'ಇದ್ಯಾಕೆ ಹತ್ತು ಜಾಸ್ತಿ?' ಅಂತ ಕೇಳುವವರು.

ನಮ್ಮ ದೇಶದಲ್ಲಿ ಎತ್ತರ ತಪ್ಪಿ ಆದ ಅತಿ ದೊಡ್ಡ ಅನಾಹುತ ಹರಿಯಾಣದ ಚರ್ಖಿ ದಾದ್ರಿಯದು. 1996ರ ನವೆಂಬರ್ 12. ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯುಶಿನ್‌ಗೆ 15,000 ಅಡಿ ಕೊಟ್ಟಿದ್ದರು, ದೆಹಲಿಯಿಂದ ಏರುತ್ತಿದ್ದ ಸೌದಿ ಬೋಯಿಂಗ್ 747ಗೆ 14,000. ಇಲ್ಯುಶಿನ್ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. 349 ಜನ ಹೋದರು. ಆ ಇಲ್ಯುಶಿನ್‌ನಲ್ಲಿ ಎಟಿಸಿ ಜೊತೆ ಮಾತಾಡಲು ಬೇರೆಯೇ ರೇಡಿಯೋ ಆಪರೇಟರ್ ಇದ್ದರು. ಅವರ ಮುಂದೆ ಆಲ್ಟಿಮೀಟರ್ ಇರಲಿಲ್ಲ, ಪೈಲಟ್‌ಗಳ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. ಎತ್ತರ ಕೇಳಿಸಿಕೊಂಡವರಿಗೆ ಎತ್ತರ ಕಾಣಿಸುತ್ತಿರಲಿಲ್ಲ! ಆ ದುರಂತದ ನಂತರ ಭಾರತದಲ್ಲಿ ವಿಮಾನಗಳಿಗೆ ಟಿಕ್ಯಾಸ್ ಕಡ್ಡಾಯವಾಯಿತು. ಎದುರಿನ ವಿಮಾನದ ಜೊತೆ ತಾನೇ ಸಂಕೇತ ವಿನಿಮಯ ಮಾಡಿಕೊಂಡು, ಒಂದಕ್ಕೆ 'ಏರು', ಇನ್ನೊಂದಕ್ಕೆ 'ಇಳಿ' ಅನ್ನುವ ಯಂತ್ರ ಅದು. ನೀವು ಬಂದ ಜೆಟ್‌ನಲ್ಲೂ ಇತ್ತು. ಗುಡ್ಡ ಹತ್ತಿರ ಬಂದರೆ ಕೂಗುವ ಇನ್ನೊಂದು ಯಂತ್ರವೂ ಇರುತ್ತೆ. ಕೆಮ್ಮಣ್ಣುಗುಂಡಿ ಸಾಲು ನಮ್ಮ ನಿಲ್ದಾಣಕ್ಕೆ ಹಕ್ಕಿಯ ದಾರಿಯಲ್ಲಿ 40 ಕಿಲೋಮೀಟರ್ ಒಳಗೇ ಇದೆ. ಮೋಡದಲ್ಲಿ ಆ ಕಡೆ ಎಷ್ಟು ಅಡಿಗಿಂತ ಇಳಿಯಬಾರದು ಅಂತ ನಕ್ಷೆಯಲ್ಲಿ ಬರೆದೇ ಇರುತ್ತೆ. ಆದರೆ ಆ ಕೆಳಮಿತಿಯೂ ಆಲ್ಟಿಮೀಟರ್‌ನಲ್ಲಿ ಸರಿಯಾದ ಒತ್ತಡ ಹಾಕಿದ್ದರೆ ಮಾತ್ರ ಕೆಲಸಕ್ಕೆ ಬರುತ್ತೆ.

ನೀವು ಮಂಗಳೂರು ಕೇಳಿದಿರಿ. 2010ರ ಮೇ 22, ಬೆಳಗಿನ ಆರು ಗಂಟೆ ಹೊತ್ತು, 158 ಜನ ತೀರಿಕೊಂಡರು, 8 ಜನ ಬದುಕಿದರು. ಕ್ಯಾಪ್ಟನ್ ಹಾರಾಟದ ನಡುವೆ ತುಂಬ ಹೊತ್ತು ನಿದ್ದೆಯಲ್ಲಿದ್ದರು ಅನ್ನೋದು ತನಿಖಾ ವರದಿಯಲ್ಲಿರುವ ಮಾತೇ, ಗಾಳಿಸುದ್ದಿ ಅಲ್ಲ. ಅಲ್ಲಿನ ರೇಡಾರ್ ಕೆಟ್ಟಿತ್ತು, ಹಾಗಾಗಿ ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. ಅದಕ್ಕೆ ತಕ್ಕ ಹಾಗೆ ಇಳಿಯುವ ಲೆಕ್ಕವನ್ನು ಅವರು ಸರಿಯಾಗಿ ಹಾಕಿಕೊಳ್ಳಲಿಲ್ಲ. ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು. ಆದರೆ ನನ್ನ ಮಟ್ಟಿಗೆ ಆ ವರದಿಯ ಸಂಕಟದ ಸಾಲು ನಿದ್ದೆಯದಲ್ಲ. ಪಕ್ಕದ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್, ಮೂರು ಸಲ 'ಗೋ ಅರೌಂಡ್' ಅಂದಿದ್ದರು. ಇಳಿಸಬೇಡಿ, ಮತ್ತೆ ಮೇಲೇರಿ ಸುತ್ತು ಹಾಕಿ ಅಂತ. ಯಂತ್ರವೂ ಎಚ್ಚರಿಸುತ್ತಿತ್ತು. ಕಾಯುವವರು ಕಾದಿದ್ದರು, ಕಂಡಿದ್ದರು, ಹೇಳಿಯೂ ಇದ್ದರು.

ಬೆಂಗಳೂರಿನಲ್ಲಿ 1990ರ ಫೆಬ್ರವರಿ 14ರಂದು ಆದದ್ದು ಇದರ ತಿರುಗುಮುರುಗು. ಹೊಸ ಎ320, ಒಳ್ಳೆಯ ಹವೆ, ಹಳೇ ನಿಲ್ದಾಣದ ಮುಂದಿನ ಗಾಲ್ಫ್ ಮೈದಾನದಲ್ಲಿ ಬಿತ್ತು. 92 ಜನ ಸತ್ತರು. ಎಂಜಿನ್ ಐಡಲ್‌ನಲ್ಲೇ ಉಳಿಯುವ ಮೋಡ್‌ನಲ್ಲಿ ವಿಮಾನ ಇಳಿಯುತ್ತಿತ್ತು, ವೇಗ ಸೋರುತ್ತಿತ್ತು. ಯಂತ್ರ 'ನಾನೂರು, ಮುನ್ನೂರು, ಇನ್ನೂರು' ಅಂತ ಅಡಿ ಎಣಿಸಿತು. ಹೊತ್ತಿಗೆ ಸರಿಯಾಗಿ ಯಾರೂ ಎಂಜಿನ್ ಬಲ ಹೆಚ್ಚಿಸುವ ಥ್ರಾಟಲ್ ಮುಂದೆ ತಳ್ಳಲಿಲ್ಲ. ಅಲ್ಲಿ ಕಾಯುವ ಕಣ್ಣು ತಡವಾಯಿತು, ಮಂಗಳೂರಿನಲ್ಲಿ ಕೇಳುವ ಕಿವಿ ಇರಲಿಲ್ಲ. ಈಗ ಬಹುತೇಕ ಏರ್‌ಲೈನ್‌ಗಳಲ್ಲಿ ಇಬ್ಬರಲ್ಲಿ ಯಾರು 'ಗೋ ಅರೌಂಡ್' ಅಂದರೂ ಸುತ್ತು ಹಾಕಲೇಬೇಕು, ವಾದ ಮಾಡುವಂತಿಲ್ಲ. ಸುತ್ತು ಹಾಕಿದ್ದಕ್ಕೆ ಯಾಕೆ ಅಂತ ಗದರಿಸುವಂತಿಲ್ಲ. ಹಿಂದೆ ಕೂತವರು 'ಛೇ, ಇಳಿಸೋಕೆ ಬರಲಿಲ್ಲ' ಅಂತ ಗೊಣಗುತ್ತಾರೆ. ಗೊಣಗಲಿ.

ಸರಿ, ನಿಮ್ಮ ಮನೆಯ ವಿಷಯಕ್ಕೆ ಬರೋಣ.

ದೂರು ಬೇಕಾ? ಈ ಪ್ರಯಾಣಕ್ಕೆ ಬೇಡ, ದೂರುವಂಥದ್ದು ಏನೂ ಆಗಿಲ್ಲ. ಮುಂದೆ ಯಾವಾಗಲಾದರೂ ನಿಜಕ್ಕೂ ಅನುಮಾನ ಬಂದರೆ ದಿನಾಂಕ, ವಿಮಾನದ ನಂಬರ್, ಸಮಯ ಹಾಕಿ ಏರ್‌ಲೈನ್‌ಗೆ ಬರೆಯಿರಿ. ಸರ್ಕಾರದ ಏರ್‌ಸೇವಾದಲ್ಲೂ ಹಾಕಬಹುದು. ವಿಮಾನದ ರೆಕಾರ್ಡರ್‌ನಿಂದ ಅಂಕಿ ಇಳಿಸಿ ನೋಡುವ ವಿಭಾಗ ಏರ್‌ಲೈನ್‌ಗಳಲ್ಲಿ ಇರುತ್ತೆ, ಮಿತಿ ಮೀರಿದ್ದು ಅಲ್ಲಿ ಸಿಕ್ಕಿಬೀಳುತ್ತೆ. ಒಂದು ಮಾತು ಮಾತ್ರ: 'ಪೈಲಟ್‌ಗೆ ಶಿಕ್ಷೆ ಆಗಲಿ' ಅಂತ ಬರೆಯಬೇಡಿ. ನೀವೇ ಕ್ಲಾಸಿನಲ್ಲಿ ನೋಡಿರುತ್ತೀರಿ, ತಪ್ಪು ಒಪ್ಪಿಕೊಂಡವನಿಗೆ ಏಟು ಬಿದ್ದರೆ ಮಾರನೇ ದಿನದಿಂದ ಯಾರೂ ಒಪ್ಪಿಕೊಳ್ಳುವುದಿಲ್ಲ. ನಾನು ಅವತ್ತಿನ ಹತ್ತು ಹನ್ನೊಂದರ ಕಥೆಯನ್ನು ವರದಿ ಬರೆದುಕೊಟ್ಟೆ. ಕೆಲಸ ಹೋಗುತ್ತೆ ಅನ್ನೋ ಭಯ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಮಗಳು ಬರಲಿ. ರಸ್ತೆಯಲ್ಲಿ ಬಂದರೆ ಅಪಾಯ ಕಡಿಮೆ ಅಂತ ಮನಸ್ಸು ಹೇಳುತ್ತೆ, ನೆಲ ಕಾಲ ಕೆಳಗಿರುತ್ತಲ್ಲ. ಆದರೆ 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಆರು ತಿಂಗಳ ಕೂಸು ಎತ್ತಿಕೊಂಡು ಬರುವುದಕ್ಕಿಂತ ವಿಮಾನ ವಾಸಿ. ರೈಲೂ ಒಳ್ಳೆಯದೇ, ಹೊತ್ತು ಜಾಸ್ತಿ ಅಷ್ಟೇ.

ವಿಮಾನವಾದರೆ ಎರಡು ವಿಷಯ ಗಮನಿಸಲಿ. ಒಂದು, ಕೂಸಿನ ಕಿವಿ. ಮೇಲೆ ಹಾರುವಾಗ ಕ್ಯಾಬಿನ್ ಒಳಗಿನ ಗಾಳಿ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಹಾಗಿರುತ್ತೆ, 6,300 ಅಡಿ ಆಸುಪಾಸು. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಶಿವಮೊಗ್ಗಕ್ಕೆ ಇಳಿಸಿದ ಹಾಗೆ. ದೊಡ್ಡವರು ಉಗುಳು ನುಂಗಿ ಕಿವಿ ಬಿಡಿಸಿಕೊಳ್ಳುತ್ತಾರೆ, ಕೂಸಿಗೆ ಗೊತ್ತಾಗುವುದಿಲ್ಲ. ಇಳಿಯುತ್ತಿದ್ದೇವೆ ಅಂತ ಘೋಷಣೆ ಬಂದ ತಕ್ಷಣ ಹಾಲು ಕುಡಿಸಲು ಶುರು ಮಾಡಲಿ. ಚಕ್ರ ಕೆಳಗೆ ಬಂದ ಸದ್ದಿನವರೆಗೆ ಕಾದರೆ ತಡವಾಯಿತು. ನಡುವೆ ನಿಮ್ಮ 12,000ದ ಥರ ಎಲ್ಲಾದರೂ ನಿಲ್ಲಿಸಿದರೆ ಕೂಸಿಗೆ ಸ್ವಲ್ಪ ಬಿಡುವು ಸಿಕ್ಕಂತೆ. ಜೋರು ನೆಗಡಿ ಇದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಕೇಳಿಯೇ ಹೊರಡಲಿ, ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ.

ಎರಡು, ತೊಡೆ ಮೇಲಿನ ಕೂಸು. ಎರಡು ವರ್ಷದೊಳಗಿನ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಲು ಬಿಡುತ್ತಾರೆ. ಕಾನೂನಿಗೆ ಅದು ಸರಿ. ನನ್ನ ಮೊಮ್ಮಗು ಆಗಿದ್ದರೆ ಬೇರೆ ಸೀಟ್ ತೆಗೆದು, ವಿಮಾನಕ್ಕೆ ಒಪ್ಪಿಗೆ ಇರುವ ಬೇಬಿ ಸೀಟ್ ಕಟ್ಟುತ್ತಿದ್ದೆ. ಜೋರು ಕುಲುಕಾಟದಲ್ಲಿ ಯಾವ ತಾಯಿಯ ಕೈಗೂ ಹಿಡಿತ ಸಾಲದು. ಖರ್ಚು ಬೇಡ ಅಂದರೆ ಏರ್‌ಲೈನ್ ಕೊಡುವ ಕೂಸಿನ ಬೆಲ್ಟ್ ಕೇಳಿ ಹಾಕಿಸಿಕೊಳ್ಳಲಿ. ತನ್ನ ಬೆಲ್ಟ್‌ನ್ನು ದೀಪ ಆರಿದರೂ ಬಿಚ್ಚದಿರಲಿ.

ದೀಪಾವಳಿ ಹೊತ್ತಿಗೆ ಮಳೆಯ ಜೋರು ಇರುವುದಿಲ್ಲ, ಬೆಳಗಿನ ಮಂಜು ಇರಬಹುದು. ಸೋಗಾನೆ ಕಾಣದೆ ಬೆಂಗಳೂರಿಗೆ ತಿರುಗಿಸಿದರೆ ಸಿಟ್ಟಾಗಬೇಡಿ. ಹಬ್ಬದ ದಿನವೇ ಬರುವ ಹಾಗೆ ಟಿಕೆಟ್ ಮಾಡಿಸದೆ ಒಂದು ದಿನ ಮುಂಚೆ ಮಾಡಿಸಿ. ಕೂಸಿನ ಹಾಲು, ಬಟ್ಟೆ ನಾಲ್ಕು ಗಂಟೆಗೆ ಜಾಸ್ತಿ ಇಟ್ಟುಕೊಳ್ಳಲಿ.

ಇನ್ನು ನಿಮಗೆ ಒಂದು ಹೋಮ್‌ವರ್ಕ್. ಮುಂದಿನ ಸಲ ಬಂದಾಗ ವಿಮಾನ ಸೋಗಾನೆಯಲ್ಲಿ ನಿಂತ ಮೇಲೂ ಆಪ್ ಮುಚ್ಚಬೇಡಿ. ಬಾಗಿಲು ತೆರೆಯುವ ಮುಂಚೆ ಅದು ಎಷ್ಟು ತೋರಿಸುತ್ತೆ ಬರೆದುಕೊಳ್ಳಿ. ಮೊಮ್ಮಗ ವೆಬ್‌ಸೈಟಿನ ನೆಲ ಮುಟ್ಟುವ ಮುಂಚಿನ ಕೊನೆಯ ಅಂಕಿ ಬರೆದಿಡಲಿ. ನೆಲದ ಹತ್ತಿರ ಬಿಸಿಗಾಳಿಯ ಆ ಶೇಕಡಾ 6ರ ಆಟ ಹೆಚ್ಚು ನಡೆಯುವುದಿಲ್ಲ, ಉಳಿಯುವುದು ಒತ್ತಡದ ಲೆಕ್ಕ ಮಾತ್ರ. ಇಬ್ಬರ ಅಂಕಿಯನ್ನೂ ಕಳಿಸಿ. ಅವತ್ತಿನ ಕ್ಯೂಎನ್‌ಎಚ್ ಎಷ್ಟಿತ್ತು ಅಂತ ಇಲ್ಲೇ ಕೂತು ಹೇಳುತ್ತೇನೆ, ತಾಳೆ ನೋಡೋಣ.